ನೂರು ವರ್ಷ ದಾಟಿದ ಮನೆ: ಭೂಕಂಪಕ್ಕೆ ಗಟ್ಟಿ ಮಾಡೋಕೆ ಮರದ ಮಹಡಿ ತೆಗೆದು ಆರ್‌ಸಿಸಿ ಹಾಕಿಸಬೇಕಾ?

ಹಳೇಬೀದಿ_ಮನೆ:
ಎಲ್ಲರಿಗೂ ನಮಸ್ಕಾರ. ನಮ್ಮನೆ ಮುತ್ತಜ್ಜನ ಕಾಲದ್ದು, ಪಾರಂಪರಿಕ ಪ್ರದೇಶ ಅಂತ ಗುರುತಿಸಿರೋ ಬೀದೀಲಿದೆ, ಅಕ್ಕಪಕ್ಕದ ಮನೆಗಳಿಗೆ ಗೋಡೆಗೆ ಗೋಡೆ ಅಂಟ್ಕೊಂಡೇ ಇದೆ. ಮೂರು ಅಂತಸ್ತು, ಹೊರಗಿನ ಗೋಡೆ ಎರಡಡಿ ದಪ್ಪದ ಕಲ್ಲಿನದು, ಗಾರೆ ಸುಣ್ಣದ್ದು, ಮಹಡಿ ಎಲ್ಲಾ ಮರದ ತೊಲೆ, ಜಂತೆ, ಅದರ ಮೇಲೆ ಹಲಗೆ. ಬೀದಿ ಕಡೆ ಗೋಡೆ ಎರಡನೇ ಮಹಡೀಲಿ ಹೊರಗಡೆ ಉಬ್ಬಿದ ಹಾಗಿದೆ, ಅಡ್ಡಗೋಡೆ ಬಂದು ಸೇರೋ ಮೂಲೇಲಿ ಉದ್ದಕ್ಕೆ ಬಿರುಕು, ಮೊದಲು ನಾಣ್ಯ ತೂರ್ತಿತ್ತು ಈಗ ಕಿರುಬೆರಳು ಹೋಗುತ್ತೆ. ಇದು ಭೂಕಂಪದ ವಲಯ ಬೇರೆ. ಬಂದು ನೋಡಿದ ಕಂಟ್ರಾಕ್ಟರ್ ಒಬ್ಬರು ಮರ ಎಲ್ಲಾ ಕಿತ್ತು ಆರ್‌ಸಿಸಿ ಸ್ಲ್ಯಾಬ್ ಹಾಕಿ, ಗೋಡೆಗೆ ಒಳಗೂ ಹೊರಗೂ ಸಿಮೆಂಟ್ ಪ್ಲಾಸ್ಟರ್ ಮಾಡಿದ್ರೆ ಬಂಡೆ ಥರ ಆಗುತ್ತೆ ಅಂದ್ರು. ಅಮ್ಮ ಆ ಮನೆ ಬಿಟ್ಟು ಬರಲ್ಲ ಅಂತಾರೆ, ನಂಗೆ ರಾತ್ರಿ ನಿದ್ದೆ ಬರ್ತಿಲ್ಲ. ಮಾಡಿಸಿದ ಅನುಭವ ಇರೋರು ದಯವಿಟ್ಟು ಹೇಳಿ.

ತೊಲೆಜಂತೆ:
ನಾನು ಸ್ಟ್ರಕ್ಚರಲ್ ಎಂಜಿನಿಯರ್, ಹಳೇ ಕಟ್ಟಡಗಳ ಕೆಲಸವೇ ಜಾಸ್ತಿ ಮಾಡಿರೋದು. ಸ್ಲ್ಯಾಬಿಗೆ ಈಗಲೇ ಒಪ್ಕೋಬೇಡಿ. ಐದು ಇಂಚಿನ ಸ್ಲ್ಯಾಬ್ ಅಂದ್ರೆ ಒಂದು ಚದರ ಮೀಟರ್‌ಗೆ ಹತ್ತತ್ರ 300 ಕೆಜಿ, ನಾಲ್ಕಕ್ಕೆ ಐದು ಮೀಟರ್ ರೂಮಿಗೆ ಆರು ಟನ್, ಅದೂ ಎರಡು ಮಹಡೀಲಿ. ಭೂಮಿ ಅಲ್ಲಾಡಿದಾಗ ಬೀಳೋ ಬಲ ಕಟ್ಟಡದ ತೂಕದ ಜೊತೆಗೇ ಏರುತ್ತೆ, ಅದನ್ನ ಹೊರಬೇಕಾಗಿರೋದು ಅದೇ ನೂರು ವರ್ಷದ ಸುಣ್ಣದ ಗೋಡೆ. ಇಟಲಿಯ ಉಂಬ್ರಿಯಾದಲ್ಲಿ 1979ರ ಭೂಕಂಪ ಆದ್ಮೇಲೆ ಹಳೇ ಕಲ್ಲಿನ ಮನೆಗಳಿಗೆ ಹೀಗೇ ಮರ ತೆಗೆದು ಕಾಂಕ್ರೀಟ್ ಹಾಕಿದ್ರು, 1997ರಲ್ಲಿ ಮತ್ತೆ ನಡುಗಿದಾಗ ಮೇಲಿನ ಕಾಂಕ್ರೀಟ್ ಇಡಿಯಾಗೇ ಉಳೀತು, ಕೆಳಗಿನ ಗೋಡೆ ಪುಡಿಪುಡಿಯಾಯ್ತು.

ನೀವು ಹೇಳ್ತಿರೋ ಬಿರುಕಿನ ಅರ್ಥ ಮುಂದಿನ ಗೋಡೆ ಅಡ್ಡಗೋಡೆಯಿಂದ ಬಿಟ್ಕೊಳ್ತಿದೆ ಅಂತ. ಹಳೇ ಮನೆ ಬೀಳೋದು ಹೆಚ್ಚಾಗಿ ಹೀಗೇ, ಗೋಡೆ ಪುಸ್ತಕದ ರಟ್ಟಿನ ಹಾಗೆ ಬೀದಿಗೆ ಮಗುಚ್ಕೊಳ್ಳುತ್ತೆ, ಅದರ ಹಿಂದೆ ಜಂತೆ ಜಾರಿ ಮಹಡಿ ಇಳಿಯುತ್ತೆ. ಹಾಗಾಗಿ ಬೇಕಾಗಿರೋದು ತೂಕ ಅಲ್ಲ, ಕಟ್ಟು. ನಾಲ್ಕೂ ಗೋಡೆ ಒಂದಕ್ಕೊಂದು ಬಿಗಿಯಾಗಿರಬೇಕು, ಮಹಡಿ ಗೋಡೆಗೆ ಬಿಗಿಯಾಗಿರಬೇಕು, ಆಗ ಮನೆ ಪೆಟ್ಟಿಗೆ ಥರ ಒಟ್ಟಿಗೆ ಅಲ್ಲಾಡುತ್ತೆ.

ಅದಕ್ಕೂ ಮೊದಲು ಗೋಡೆ ಒಳಗೆ ಏನಿದೆ ನೋಡ್ಬೇಕು. ದಪ್ಪ ಕಲ್ಲಿನ ಗೋಡೆ ಎಷ್ಟೋ ಸಲ ಎರಡು ಪದರ ಇರುತ್ತೆ, ನಡುವೆ ಜಲ್ಲಿ ಮಣ್ಣು ತುಂಬಿರ್ತಾರೆ. 1993ರಲ್ಲಿ ಲಾತೂರಿನ ಕಿಲ್ಲಾರಿ ಕಡೆ ಅಷ್ಟು ಜನ ಸತ್ತಿದ್ದಕ್ಕೆ ಇದೂ ದೊಡ್ಡ ಕಾರಣ, ಎರಡೂ ಪದರ ಹಿಡಿದಿಡೋ, ಗೋಡೆಯ ಈ ಕಡೆಯಿಂದ ಆ ಕಡೆವರೆಗೂ ಹಾಯೋ ಉದ್ದ ಕಲ್ಲು ಇರ್ಲಿಲ್ಲ, ಗೋಡೆ ಸೀಳ್ಕೊಂಡು ಕೂತ್ಬಿಡ್ತು, ಮೇಲಿಂದ ಮಾಳಿಗೆ ಮಣ್ಣಿನ ಭಾರ ಬಿತ್ತು.

ಕಬ್ಬಿಣದ_ಸರಳು:
ನಮ್ಮನೇದು ಮಾಡಿಸಿದ್ದೀವಿ ಅದಕ್ಕೇ ಬರೀತಿದೀನಿ. ಒಂದೊಂದು ಮಹಡಿ ಮಟ್ಟದಲ್ಲೂ ಗೋಡೆಯಿಂದ ಗೋಡೆಗೆ ಸ್ಟೀಲ್ ಸರಳು ಹಾಯಿಸಿ, ಎರಡೂ ತುದೀಲಿ ಪ್ಲೇಟ್ ಕೊಟ್ಟು ನಟ್ ಬಿಗಿದ್ರು, ಒಂದೇ ಸಲಕ್ಕೆ ಅಲ್ಲ, ಈ ಕಡೆ ಸ್ವಲ್ಪ ಆ ಕಡೆ ಸ್ವಲ್ಪ ಅಂತ. ಉಬ್ಬಿದ ಗೋಡೆ ಹಿಂದಕ್ಕೆ ಬರುತ್ತೆ ಅಂತ ಆಸೆ ಇಟ್ಕೋಬೇಡಿ, ಬಿಗಿಯೋದು ಎಳೆಯೋಕಲ್ಲ, ಇನ್ನು ಮುಂದೆ ಹೋಗದ ಹಾಗೆ ಹಿಡಿಯೋಕೆ. ಹಳೇ ಹಲಗೆ ಮೇಲೇ ಓರೆಯಾಗಿ ಇನ್ನೊಂದು ಪದರ ಹಲಗೆ ಹೊಡೆದ್ರು, ಜಂತೆ ತುದಿಗಳಿಗೆಲ್ಲ ಪಟ್ಟಿ ಹಾಕಿ ಗೋಡೆಗೆ ಕೂರಿಸಿದ್ರು. ಮೊದಲು ಮಗು ಓಡಿದ್ರೆ ಕಪಾಟಿನ ಗಾಜು ಗಲಗಲ ಅಂತಿತ್ತು, ಈಗ ಆ ಸದ್ದಿಲ್ಲ. ಹೊರಗಿಂದ ಕಾಣೋದು ಬರೀ ಪ್ಲೇಟು, ಅದಕ್ಕೂ ಪಾರಂಪರಿಕ ಸಮಿತಿ ಒಪ್ಪಿಗೆ ಬೇಕು, ಮೊದಲೇ ಡ್ರಾಯಿಂಗ್ ತೋರಿಸಿ, ಆಮೇಲೆ ಹೋದ್ರೆ ಕೆಲಸ ನಿಲ್ಲುತ್ತೆ.

ಸುಣ್ಣದಗಾರೆ:
ಸಿಮೆಂಟ್ ಪ್ಲಾಸ್ಟರ್ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳ್ತೀನಿ. ಸುಣ್ಣದ ಗೋಡೆ ತೇವ ಹೀರಿ ಹೊರಗೆ ಬಿಡ್ತಾ ಇರುತ್ತೆ, ಮೇಲೆ ಸಿಮೆಂಟ್ ಬಳಿದ್ರೆ ಆ ತೇವಕ್ಕೆ ದಾರಿಯಿಲ್ಲ, ಗಾರೆ ಒಳಗೇ ಸಡಿಲಾಗುತ್ತೆ, ಜಂತೆ ತುದಿ ಕೊಳೆಯುತ್ತೆ. ಸುಮಾರು ಕಡೆ ಸಿಮೆಂಟ್ ಕಿತ್ತಾಗ ಹಿಂದಿನ ಗಾರೆ ಒದ್ದೆ ಮರಳಾಗಿ ಅಂಗೈಗೆ ಉದುರಿದ್ದನ್ನ ನೋಡಿದ್ದೀನಿ, ಹೊಟ್ಟೆ ಉರಿಯುತ್ತೆ. ಸಂದು ಕೆರೆದು ಸುಣ್ಣದಲ್ಲೇ ತುಂಬ್ಸಿ. ಗೋಡೆ ಒಳಗೆ ಟೊಳ್ಳಿದ್ರೆ ಸುಣ್ಣದ ಗ್ರೌಟ್, ಅಂದ್ರೆ ತೆಳ್ಳಗೆ ಕಲಸಿದ ಗಾರೆ, ಕೆಳಗಿಂದ ಮೇಲಕ್ಕೆ, ಕಡಿಮೆ ಒತ್ತಡದಲ್ಲಿ ತುಂಬಿಸ್ಬೇಕು, ಜೋರಾಗಿ ಬಿಟ್ರೆ ಉಬ್ಬಿದ ಪದರ ಕಿತ್ತು ಬಂದೇ ಬಿಡುತ್ತೆ. ಮತ್ತೆ, ಮರ ಅಂದ್ರೆ ದುರ್ಬಲ ಅಂತ ಅನ್ಕೋಬೇಡಿ. 1755ರ ಭೂಕಂಪದಲ್ಲಿ ಪೋರ್ಚುಗಲ್‌ನ ಲಿಸ್ಬನ್ ನೆಲಸಮ ಆದ್ಮೇಲೆ ಅಲ್ಲಿ ಮತ್ತೆ ಕಟ್ಟಿದ ಮನೆಗಳ ಗೋಡೆ ಒಳಗೆ ಮರದ ಪಂಜರ ಇಟ್ರು, ಭೂಕಂಪಕ್ಕೆ ಅಂತಲೇ.

ಹಳೇಬೀದಿ_ಮನೆ:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಬೆಳಿಗ್ಗೆ ಬೀದಿ ಗೋಡೆ ಪಕ್ಕ ಒಂದು ಹಲಗೆ ಎಬ್ಬಿಸಿ ಟಾರ್ಚ್ ಹಾಕಿ ನೋಡ್ದೆ. ಜಂತೆ ಗೋಡೆ ಒಳಗೆ ಬರೀ ಮೂರು ಇಂಚು ಕೂತಿದೆ, ಪಟ್ಟಿಯಿಲ್ಲ ಮೊಳೆಯಿಲ್ಲ, ಸುಮ್ನೆ ಇಟ್ಟ ಹಾಗಿದೆ. ಒಂದರ ತುದಿ ಕಪ್ಪಾಗಿದೆ, ಸ್ಕ್ರೂಡ್ರೈವರ್ ಒತ್ತಿದ್ರೆ ಅರ್ಧ ಇಂಚು ಒಳಗೆ ಇಳೀತು. ಇನ್ನೊಂದು ವಿಷಯ, ಅಪ್ಪ ಇದ್ದಾಗ ಕೆಳಗೆ ಅಂಗಡಿಗೆ ಅಂತ ಒಂದು ಅಡ್ಡಗೋಡೆ ತೆಗೆಸಿದ್ರು, ಅದೂ ಸಮಸ್ಯೆನಾ?

ತೊಲೆಜಂತೆ:
ಸಮಸ್ಯೆನೇ, ನಿಮ್ಮ ಮನೇಲಿ ಇದೇ ಮುಖ್ಯ ಅನ್ಸುತ್ತೆ. ಮೇಲೆ ಗೋಡೆ ಇದ್ದು ಕೆಳಗೆ ಇಲ್ಲ ಅಂದ್ರೆ ನೆಲ ಅಂತಸ್ತೇ ಸೋಲೋದು. ಅಲ್ಲಿ ಗೋಡೆ ವಾಪಸ್ ಕಟ್ಟಿಸ್ಬೇಕು, ಇಲ್ಲಾ ಸ್ಟೀಲ್ ಫ್ರೇಮ್ ಕೂರಿಸ್ಬೇಕು, ಲೆಕ್ಕ ಹಾಕ್ದೆ ಯಾವ್ದೂ ಹೇಳೋಕಾಗಲ್ಲ. ಪಕ್ಕದ ಎರಡೂ ಮನೆಯವರನ್ನೂ ಕೂರಿಸಿ ಮಾತಾಡಿ, ಗೋಡೆ ಹಂಚ್ಕೊಂಡಿದ್ರೆ ಅವರ ಜಂತೆ ಕೂಡ ಅದರ ಮೇಲೇ ಇರುತ್ತೆ. ಆದರೆ ಇವೆಲ್ಲ ಆಮೇಲೆ. ಈ ವಾರವೇ ಆ ಕೊಳೆತ ಜಂತೆ ಕೆಳಗೆ ನೆಲದವರೆಗೂ ಆನಿಕೆ ಕೊಡ್ಸಿ, ಬಿರುಕಿನ ಮೇಲೆ ಅಡ್ಡಕ್ಕೆ ಗಾಜಿನ ಪಟ್ಟಿ ಅಂಟಿಸಿ ತಾರೀಖು ಬರೀರಿ, ಗಾಜು ಒಡೆದ್ರೆ ಗೋಡೆ ಇನ್ನೂ ಜರುಗ್ತಿದೆ ಅಂತ. ಅಲ್ಲೀವರೆಗೆ ಅಮ್ಮನ ಮಂಚ ಬೀದಿ ಗೋಡೆ ಪಕ್ಕದಿಂದ ಹಿಂದಿನ ರೂಮಿಗೆ ಹಾಕಿ.