ಸಹಾಯ ಬೇಕು: ಸಿಡ್ನಿ–ಸ್ಯಾಂಟಿಯಾಗೊ ಫ್ಲೈಟ್ ಟೈಮ್ ಲೆಕ್ಕ
ಎಲ್ರಿಗೂ ನಮಸ್ಕಾರ, ಸಿಡ್ನಿಯಿಂದ ಚಿಲಿಯ ಸ್ಯಾಂಟಿಯಾಗೊಗೆ ಹೋಗೋ ಪ್ಲಾನ್ ಇದೆ, ದೂರ ನೋಡಿದ್ರೆ ಸುಮಾರು 11,300 ಕಿ.ಮೀ, ಗಂಟೆಗೆ 900 ಅಂತ ಭಾಗಿಸಿದ್ರೆ ಹನ್ನೆರಡೂವರೆ ಗಂಟೆ ಆಗುತ್ತೆ, ಹೋಗೋ ಫ್ಲೈಟ್‌ಗೆ ಅದು ಹತ್ರಹತ್ರ ಸರಿ ಇದೆ, ಆದ್ರೆ ವಾಪಸ್ ಬರೋದಕ್ಕೆ 14 ಗಂಟೆ ಮೇಲೆ ತೋರಿಸ್ತಿದೆ. ಅಷ್ಟೊಂದು ವ್ಯತ್ಯಾಸ ಬರೀ ಪಶ್ಚಿಮದಿಂದ ಬೀಸೋ ಜೆಟ್ ಸ್ಟ್ರೀಮ್ ಗಾಳಿದಾ, ಇಲ್ಲಾ ರೂಟೇ ಬೇರೆನಾ? ಮ್ಯಾಪಲ್ಲಿ ಗೆರೆ ನೇರ ಹೋಗದೆ ಅಂಟಾರ್ಕ್ಟಿಕಾ ಕಡೆ ಬಾಗುತ್ತೆ, ಭೂಮಿ ಗುಂಡಗಿರೋದ್ರಿಂದ ಅದೇ ಶಾರ್ಟ್ ಅಂತೆ, ಅದು ಓಕೆ.

ನಿಜವಾದ ತಲೆನೋವು ಡೇಟ್ ಲೈನ್, ಅಂದ್ರೆ ದಾಟಿದ್ರೆ ತಾರೀಕೇ ಬದಲಾಗೋ ಆ ಕಾಲ್ಪನಿಕ ಗೆರೆ. ಮಧ್ಯಾಹ್ನ ಹೊರಟು ಅದೇ ದಿನ ಬೆಳಿಗ್ಗೆನೇ ಇಳೀತೀವಂತೆ (ಕೇಳೋಕೆ ಮಜಾ ಇದೆ)! ಹಾಗಿದ್ರೆ ಹೋಟೆಲ್ ಯಾವ ತಾರೀಕಿಗೆ ಬುಕ್ ಮಾಡ್ಬೇಕು? ಟಿಕೆಟಲ್ಲಿರೋದು ಆಯಾ ಊರಿನ ಲೋಕಲ್ ಟೈಮೇ ತಾನೆ? ಮುಂದಿನ ಕನೆಕ್ಷನ್‌ಗೆ ಎಷ್ಟು ಗ್ಯಾಪ್ ಇಟ್ರೆ ಸೇಫು? ಈ ರೂಟಲ್ಲಿ ಹೋಗಿರೋರು ಪ್ಲೀಸ್ ಹೇಳಿ.