ಟಾಟಾ ಅಂದ್ರೆ ಚಪ್ಪಲಿನಾ?

ಪ್ರಶ್ನೆ (ಪುಟ್ಟಿಯ ಅಮ್ಮ):
ನನ್ನ ಮಗಳಿಗೆ ಒಂದೂವರೆ ವರ್ಷ. ಚಪ್ಪಲಿ ಕಂಡರೆ "ಟಾಟಾ" ಅನ್ನುತ್ತಾಳೆ. ಸ್ಕೂಟರ್ ಕೀ ಕಂಡರೂ ಟಾಟಾ. ಅವರಪ್ಪ ಶರ್ಟಿನ ಗುಂಡಿ ಹಾಕಿಕೊಂಡರೂ ಟಾಟಾ. ಮೊನ್ನೆ ಬಾಗಿಲ ಚಿಲಕದ ಸದ್ದಿಗೇ ಅಡುಗೆಮನೆಯಿಂದ ಓಡಿ ಬಂದಳು. ನಾನು ಅವಳ ಕೈಯನ್ನು ಚಪ್ಪಲಿಗೆ ಮುಟ್ಟಿಸಿ "ಇದು ಚಪ್ಪಲಿ, ಚಪ್ಪಲಿ" ಅಂತ ಹತ್ತು ಸಲ ಹೇಳಿಕೊಟ್ಟೆ. ಸುಮ್ನೆ ನನ್ನ ಮುಖ ನೋಡಿದಳು. ಆಮೇಲೆ ಹಾಕು ಅನ್ನೋ ಹಾಗೆ ಕಾಲು ಚಾಚಿದಳು.

ಬಿ.ಎ.ಯಲ್ಲಿ ತತ್ವಶಾಸ್ತ್ರದ ಒಂದು ಪೇಪರ್ ಓದಿದ್ದೆ. "ಪದ ವಸ್ತುವಿನ ಹೆಸರು, ಆ ವಸ್ತುವೇ ಪದದ ಅರ್ಥ" ಅಂತ ನೋಟ್ಸ್‌ನಲ್ಲಿ ಇದ್ದ ನೆನಪು. ಹಾಗಾದರೆ ಇವಳ ಟಾಟಾ ಯಾವುದರ ಹೆಸರು? ಮಗು ತಪ್ಪಾ, ನೋಟ್ಸ್ ತಪ್ಪಾ?

ಉತ್ತರ (ರಾತ್ರಿ ಪಾಳಿ):
ಮೇಡಂ, ನೋಟ್ಸೇ ತಪ್ಪು. 1953ರಲ್ಲಿ ಬಂದ, ವಿಯೆನ್ನಾದಲ್ಲಿ ಹುಟ್ಟಿದ ತತ್ವಜ್ಞಾನಿ ವಿಟ್‌ಗೆನ್‌ಸ್ಟೈನ್‌ನ 'ಫಿಲಾಸಫಿಕಲ್ ಇನ್ವೆಸ್ಟಿಗೇಷನ್ಸ್' ಶುರುವಾಗುವುದೇ ಈ ಜಗಳದಿಂದ. ದೊಡ್ಡವರು ವಸ್ತು ತೋರಿಸಿ ಹೆಸರು ಹೇಳುತ್ತಿದ್ದರು, ಹಾಗೆ ನಾನು ಮಾತು ಕಲಿತೆ ಎಂದು ಸಂತ ಅಗಸ್ಟೀನ್ ಬರೆದುಕೊಂಡಿದ್ದ. ವಿಟ್‌ಗೆನ್‌ಸ್ಟೈನ್ ಅದನ್ನೇ ಮುಂದಿಟ್ಟುಕೊಂಡು ಬಿಚ್ಚುತ್ತಾ ಹೋಗುತ್ತಾನೆ. ಎರಡು ಕಾಯಿ ತೋರಿಸಿ "ಇದು ಎರಡು" ಅಂದರೆ, ಕೇಳಿದವನು ಆ ಕಾಯಿಗಳ ಹೆಸರೇ "ಎರಡು" ಅಂದುಕೊಳ್ಳಬಹುದಲ್ವಾ? ನೀವು ಚಪ್ಪಲಿ ಮುಟ್ಟಿಸಿದಾಗ ಬಣ್ಣ ಹೇಳಿದಿರೋ, ಕಾಲು ಚಾಚು ಅಂದಿರೋ, ಅವಳಿಗೇನು ಗೊತ್ತು? ಬಹಳಷ್ಟು ಕಡೆ ಪದದ ಅರ್ಥ ಅಂದರೆ ಅದರ ಬಳಕೆಯೇ ಅನ್ನುತ್ತಾನೆ ಅವನು. ಪುಟ್ಟಿಯ ಬಳಕೆ ಸ್ಪಷ್ಟವಾಗಿಯೇ ಇದೆ: ಹೊರಡೋಣ.

ಉತ್ತರ (ನಿವೃತ್ತ ಸಂಸ್ಕೃತ ಮೇಷ್ಟ್ರು):
ಇದಕ್ಕೆ ವಿಯೆನ್ನಾದವರೆಗೆ ಯಾಕಪ್ಪಾ ಹೋಗಬೇಕು? ವೇದವಾಕ್ಯಗಳಿಗೆ ಅರ್ಥ ಹೇಳುವುದು ಹೇಗೆ ಅಂತ ಚರ್ಚಿಸಿದ ನಮ್ಮ ಮೀಮಾಂಸಕರ ಹಳೆಯ ಉದಾಹರಣೆ ಇದೆ. ಹಿರಿಯನೊಬ್ಬ "ಗಾಂ ಆನಯ", ಹಸು ತಾ ಅನ್ನುತ್ತಾನೆ. ಇನ್ನೊಬ್ಬ ತರುತ್ತಾನೆ. ಪಕ್ಕದಲ್ಲಿ ಕೂತ ಹುಡುಗನಿಗೆ ಇಡೀ ಮಾತಿಗೆ ಇಡೀ ಕೆಲಸ ಅಂತ ಮಾತ್ರ ಗೊತ್ತಾಗುತ್ತದೆ. ಆಮೇಲೆ "ಅಶ್ವಂ ಆನಯ", ಕುದುರೆ ತಾ. ಮತ್ತೆ "ಗಾಂ ಬಧಾನ", ಹಸು ಕಟ್ಟು. ಒಂದು ಪದ ತೆಗೆದು ಇನ್ನೊಂದು ಹಾಕಿದಾಗ ಏನು ಬದಲಾಯಿತು ಅಂತ ನೋಡಿ ನೋಡಿ ಅವನು ಪದಗಳನ್ನು ಬಿಡಿಸಿಕೊಳ್ಳುತ್ತಾನೆ.

ಇಲ್ಲಿಂದ ಮುಂದೆ ಮೀಮಾಂಸಕರಲ್ಲೇ ಜಗಳ. ಪದ ಒಂಟಿಯಾಗಿ ಅರ್ಥ ಕೊಡುವುದೇ ಇಲ್ಲ, ಬೇರೆ ಪದಗಳ ಜೊತೆ ಸೇರಿಕೊಂಡೇ ಕೊಡುತ್ತದೆ ಅಂತ ಪ್ರಭಾಕರ. ಪದಗಳು ಮೊದಲು ತಮ್ಮ ತಮ್ಮ ಅರ್ಥ ಹೇಳುತ್ತವೆ, ಆಮೇಲೆ ಆ ಅರ್ಥಗಳು ಕೂಡಿಕೊಳ್ಳುತ್ತವೆ ಅಂತ ಕುಮಾರಿಲ ಭಟ್ಟ. ನನ್ನ ಓಟು ಕುಮಾರಿಲನಿಗೆ. ಇಲ್ಲದಿದ್ದರೆ ಎಂದೂ ಕೇಳದ ಹೊಸ ವಾಕ್ಯ ನಮಗೆ ಥಟ್ಟನೆ ಹೇಗೆ ತಿಳಿಯುತ್ತದೆ?

ಚಿತ್ರದ ಚಾರ್ಟ್ ತೋರಿಸಿ ಹೆಸರು ಕಲಿಸಬೇಡಿ ತಾಯೀ, ಕೆಲಸ ಹೇಳಿ.

ಉತ್ತರ (ಬೆಳ್ಳಿಚುಕ್ಕಿ):
ಮೇಷ್ಟ್ರೇ, ನನ್ನ ಓಟು ಪ್ರಭಾಕರನಿಗೆ. ಪದದ ಅರ್ಥವನ್ನು ವಾಕ್ಯದಿಂದ ಕಿತ್ತು ಕೇಳಬೇಡಿ ಅಂತ ಜರ್ಮನಿಯ ತರ್ಕಶಾಸ್ತ್ರಜ್ಞ ಫ್ರೇಗೆ ಕೂಡ 1884ರಲ್ಲಿ ಹೇಳಿದ್ದ. 1892ರಲ್ಲಿ ಅವನೇ ಇನ್ನೊಂದು ಮಾತು ಎತ್ತಿದ. ಬೆಳಗಿನ ಚುಕ್ಕಿ, ಸಂಜೆಯ ಚುಕ್ಕಿ ಎರಡೂ ಶುಕ್ರಗ್ರಹವೇ. ವಸ್ತು ಒಂದೇ. ಆದರೆ "ಅದೂ ಇದೂ ಒಂದೇ" ಅಂತ ಗೊತ್ತಾಗಲು ಜನ ಆಕಾಶ ನೋಡಬೇಕಾಯಿತು. ಹಾಗಾಗಿ ವಸ್ತುವೇ ಅರ್ಥ ಅಂದರೆ ಲೆಕ್ಕ ತಾಳೆಯಾಗುವುದಿಲ್ಲ.

ಪುಟ್ಟಿಯ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ್ದನ್ನು ನಾಲ್ಕು ದಿನ ಮಾಡಿ ನೋಡಿದೆ. ಚಾರ್ಟನ್ನು ಅತ್ತೆ ಆಗಲೇ ಡಬ್ಬಿ ಕೆಳಗೆ ಹಾಸಿಬಿಟ್ಟಿದ್ದರು, ಅದು ಬೇರೆ ಕಥೆ. "ಚೆಂಡು ತಾ" ಅಂದೆ, ತಂದಳು. "ಚಪ್ಪಲಿ ತಾ" ಅಂದರೆ ಮೊದಲ ಎರಡು ದಿನ ಚೆಂಡನ್ನೇ ತಂದಳು. ಅಂದರೆ "ತಾ" ಮೊದಲು ಗೊತ್ತಾಗಿದೆ, "ಚಪ್ಪಲಿ" ಇನ್ನೂ ಇಲ್ಲ. ಮೂರನೇ ದಿನ ಒಂದೇ ಒಂದು ಚಪ್ಪಲಿ ತಂದಳು, ಅದೂ ಅವರಪ್ಪನದು. ಈಗ "ಚೆಂಡು ಇಡು" ಅಂದರೆ ಎಸೆಯುತ್ತಾಳೆ. "ಇಡು" ಇನ್ನೂ ಬಾಕಿ.

ಇವತ್ತು "ಚಪ್ಪಲಿ ಇಡು" ಅಂದೆ. ಎಸೆಯಲಿಲ್ಲ. ಬಾಗಿಲ ಹತ್ತಿರ ಒಯ್ದು, ಹೊಸಿಲ ಮೇಲೆ ಕೂತು, ಕಾಲು ಚಾಚಿ "ಟಾಟಾ" ಅಂದಳು. ಬೀದಿ ಕೊನೆಯ ಅಂಗಡಿಯವರೆಗೆ ಹೋಗಿ ಬಂದೆವು.