ಪಾರ್ಸೆಲ್ ಹಂಚುವ ಕೆಲಸ, ಗೋದಾಮಿನ ಕೆಲಸ: ಇದರಿಂದ ಊರಿಗೆ ಏನು ಉಪಯೋಗ?

ಬಂಗಾರಪೇಟೆ ರೋಡ್:

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದ ಒಂದು ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಬಿಕಾಂ ಮುಗಿಸಿದ ಮಕ್ಕಳಲ್ಲಿ ಎಷ್ಟೋ ಜನ ಈಗ ಬೈಕ್ ಹತ್ತಿ ಪಾರ್ಸೆಲ್ಲೋ ಊಟವೋ ಹಂಚುತ್ತಿದ್ದಾರೆ, ಇಲ್ಲದಿದ್ದರೆ ಮಾಲೂರು, ಹೊಸಕೋಟೆ ಕಡೆಯ ದೊಡ್ಡ ಗೋದಾಮುಗಳಿಗೆ ಸೇರುತ್ತಿದ್ದಾರೆ. ಸ್ಟಾಫ್ ರೂಮಿನಲ್ಲಿ ಈ ಮಾತು ಬಂದರೆ "ಓದಿದ್ದೆಲ್ಲ ದಂಡ" ಅಂತ ಮುಗಿಸಿಬಿಡುತ್ತಾರೆ. ನನಗೆ ಅಷ್ಟಕ್ಕೇ ಬಿಡಲು ಮನಸ್ಸಿಲ್ಲ. ನೀತಿ ಆಯೋಗ 2022ರಲ್ಲಿ ಕೊಟ್ಟ ವರದಿ ಪ್ರಕಾರ 2020-21ರಲ್ಲೇ ದೇಶದಲ್ಲಿ 77 ಲಕ್ಷ ಗಿಗ್ ಕೆಲಸಗಾರರು, ಅಂದರೆ ಕಾಯಂ ಸಂಬಳವಿಲ್ಲದೆ ಒಂದೊಂದು ಕೆಲಸಕ್ಕೆ ಇಷ್ಟು ಅಂತ ದುಡಿಯುವವರು, ಇದ್ದರು, 2029-30ರ ಹೊತ್ತಿಗೆ 2.35 ಕೋಟಿ ಆಗಬಹುದು ಅಂತ ಅಂದಾಜು. ಇಷ್ಟು ಜನ ಬೆಳಗಿನಿಂದ ರಾತ್ರಿವರೆಗೆ ದುಡಿದರೆ ಸಮಾಜಕ್ಕೆ ಏನು ಸಿಗುತ್ತದೆ? ಸಂಬಳದ ವಿಷಯ ಸದ್ಯಕ್ಕೆ ಪಕ್ಕಕ್ಕಿಡಿ. ಆ ಕೆಲಸದಿಂದ ಊರಿಗೆ ಏನು ಉಪಯೋಗ ಅನ್ನೋದಷ್ಟೇ ನನ್ನ ಪ್ರಶ್ನೆ. ಕೆಲಸ ಮಾಡುತ್ತಿರುವವರೇ ಬರೆದರೆ ಒಳ್ಳೇದು, ಅಂಗಡಿ ಇಟ್ಟವರೂ ಬರೆಯಿರಿ.

ಟಮಕ ರೈಡರ್:

ಸರ್, ಡಿಗ್ರಿ ಮುಗಿಸಿ ಪಾರ್ಸೆಲ್ ಕೊಡುವವರಲ್ಲಿ ನಾನೂ ಒಬ್ಬ. ಉಪಯೋಗ ಇದೆ ಸರ್, ತುಂಬಾನೇ ಇದೆ.

ಬೆಳಿಗ್ಗೆ ಹಬ್‌ಗೆ, ಅಂದರೆ ಪಾರ್ಸೆಲ್ ಬಂದು ಸೇರುವ ಕೇಂದ್ರಕ್ಕೆ, ಲೋಡ್ ಬರುತ್ತದೆ. ಅವರವರ ರೂಟಿನ ಪಾರ್ಸೆಲ್ ವಿಂಗಡಿಸಿ, ಸ್ಕ್ಯಾನ್ ಮಾಡಿ, ಬ್ಯಾಗಿಗೆ ತುಂಬಿಕೊಂಡು ಹೊರಡುತ್ತೇವೆ. ನನ್ನದು ಹಳ್ಳಿ ರೂಟು. ಎಲ್ಲರೂ ಅಂದುಕೊಳ್ಳೋದು ಬಟ್ಟೆ, ಮೊಬೈಲ್ ಕವರ್, ಇಯರ್‌ಫೋನ್ ಇಷ್ಟೇ ಹೋಗುತ್ತದೆ ಅಂತ. ಅವೂ ಇವೆ. ಆದರೆ ಔಷಧಿ ಹೊಡೆಯುವ ಪಂಪಿನ ನಾಝಲ್ಲು ವಾಷರು, ಶುಗರ್ ನೋಡುವ ಸ್ಟ್ರಿಪ್ಪು, ಮಂಡಿಗೆ ಹಾಕುವ ಬೆಲ್ಟು, ನೀಟ್ ಪರೀಕ್ಷೆಯ ಪುಸ್ತಕ, ಇವೆಲ್ಲ ನನ್ನ ಬ್ಯಾಗಿನಲ್ಲೇ ಹೋಗುತ್ತವೆ. ಒಂದು ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜ ಇದ್ದಾರೆ. ಅವರಿಗೆ ದೊಡ್ಡವರ ಡೈಪರ್ ಬೇಕು. ಸೊಸೆ ಆನ್‌ಲೈನಲ್ಲಿ ತರಿಸುತ್ತಾರೆ. ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಕೇಳೋಕೆ ಆಯಮ್ಮನಿಗೆ ಸಂಕೋಚ, ಮೇಲಾಗಿ ಬಸ್ಸಿಗೆ ಕಾದು ಕೋಲಾರಕ್ಕೆ ಬಂದು ಹೋಗುವಷ್ಟರಲ್ಲಿ ಒಂದು ದಿನದ ಕೂಲಿ ಹೋಗಿರುತ್ತದೆ. ನಾನು ಹೋಗದಿದ್ದರೆ ಅವರಿಗೆ ಕಷ್ಟ ಆಗುತ್ತದೆ ಅಲ್ವಾ? ಸಮಾಜಕ್ಕೆ ಉಪಯೋಗ ಅಂದರೆ ಇದಲ್ಲದೆ ಇನ್ನೇನು ಸರ್?

ಅಡ್ರೆಸ್ ಅಂತ "ಡೈರಿ ಪಕ್ಕ", "ಮುನೇಶ್ವರನ ಗುಡಿ ಹಿಂದೆ" ಅಂತ ಇರುತ್ತದೆ. ಮ್ಯಾಪ್ ನಂಬಿದರೆ ಯಾರದೋ ಟೊಮೆಟೊ ತೋಟದ ಮಧ್ಯೆ ತಂದು ನಿಲ್ಲಿಸುತ್ತದೆ. ಯಾವ ಮನೆ ಯಾರದು, ಯಾರು ಎಷ್ಟೊತ್ತಿಗೆ ಸಿಗುತ್ತಾರೆ ಅನ್ನೋದು ನಮ್ಮ ತಲೆಯಲ್ಲೇ ಇರಬೇಕು. ವಯಸ್ಸಾದವರು ಓಟಿಪಿ ಹುಡುಕೋಕೆ ಬರದೆ ಫೋನನ್ನೇ ಕೈಗೆ ಕೊಟ್ಟು "ನೀನೇ ನೋಡ್ಕೊಳಪ್ಪ" ಅಂತಾರೆ. ಅಷ್ಟು ನಂಬಿಕೆ ಇದೆ.

ಸಂಬಳದ ವಿಷಯ ಪಕ್ಕಕ್ಕಿಡಿ ಅಂದಿರಿ, ಆದರೂ ಇದನ್ನು ಹೇಳಲೇಬೇಕು. ನಮಗೆ ದುಡ್ಡು ಪಾರ್ಸೆಲ್ ಲೆಕ್ಕ. ಗಿರಾಕಿ ಮನೆಯಲ್ಲಿ ಇಲ್ಲ ಅಂತ ವಾಪಸ್ ತಂದರೆ ಅದಕ್ಕೆ ಕಾಸಿಲ್ಲ, ಪೆಟ್ರೋಲ್ ಮಾತ್ರ ನನ್ನದು. ಟೈರು, ಸರ್ವೀಸು, ಇನ್ಶೂರೆನ್ಸು ಎಲ್ಲ ನನ್ನ ಜೇಬಿಂದಲೇ. ಹಿಂದೆ ನಾನು ಬೇರೊಂದು ಕಡೆ ಮಾಡುತ್ತಿದ್ದಾಗ ಒಂದು ದಿನ ಬೆಳಿಗ್ಗೆ ಆಪ್‌ನಲ್ಲಿ ನನ್ನ ಐಡಿ ಬ್ಲಾಕ್ ಆಗಿತ್ತು, ಅಂದರೆ ಕೆಲಸವೇ ನಿಂತಿತ್ತು. ಕಾರಣ ಹೇಳುವವರು ಯಾರೂ ಇಲ್ಲ. ಸೂಪರ್‌ವೈಸರ್ ಕೇಳಿದರೆ "ಸಿಸ್ಟಮ್ಮಲ್ಲೇ ಆಗಿದೆ" ಅಂದರು, ಹೆಲ್ಪ್‌ಲೈನಿನಲ್ಲಿ ಮೆಷಿನ್ ಮಾತಾಡುತ್ತಿತ್ತು. ಅವತ್ತು ಆದ ಹೊಟ್ಟೆ ಉರಿ ಇವತ್ತಿಗೂ ಹೋಗಿಲ್ಲ.

ಅಮ್ಮವಾರಿಪೇಟೆ ಅಂಗಡಿ:

ತಮ್ಮ, ನಿನ್ನ ಕಷ್ಟದ ಬಗ್ಗೆ ನನ್ನದು ಎರಡು ಮಾತಿಲ್ಲ. ಆದರೆ ಉಪಯೋಗದ ಲೆಕ್ಕ ಹಾಕುವಾಗ ಊರಿಂದ ಏನು ಹೋಯಿತು ಅನ್ನೋದನ್ನೂ ಬರೀಬೇಕು.

ನಮ್ಮದು ಚಪ್ಪಲಿ ಅಂಗಡಿ, ಅಪ್ಪನ ಕಾಲದ್ದು. ಈಗ ಜನ ಬರುತ್ತಾರೆ, ಕಾಲಿಗೆ ಹಾಕಿ ಸೈಜ್ ನೋಡುತ್ತಾರೆ, ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಆಮೇಲೆ ಅದೇ ಮಾಡೆಲ್ಲು ಪಾರ್ಸೆಲ್ಲಿನಲ್ಲಿ ಬರುತ್ತದೆ. ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗರು ವ್ಯಾಪಾರ ಕಲಿಯುತ್ತಿದ್ದರು. ಯಾವ ಮಾಲು ಎಲ್ಲಿ ಸಿಗುತ್ತದೆ, ಗಿರಾಕಿ ಹತ್ತಿರ ಹೇಗೆ ಮಾತಾಡಬೇಕು, ಯಾರಿಗೆ ಸಾಲ ಕೊಡಬಹುದು, ಇದೆಲ್ಲ. ಒಬ್ಬ ಮುಳಬಾಗಿಲಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿದ್ದಾನೆ. ಪಾರ್ಸೆಲ್ ಕೊಡುವ ಹುಡುಗ ಎಷ್ಟು ವರ್ಷ ಕೊಟ್ಟರೂ ಮುಂದಿನ ಮೆಟ್ಟಿಲು ಯಾವುದು? ನನಗಂತೂ ಕಾಣಿಸುತ್ತಿಲ್ಲ.

ಇನ್ನೊಂದು. ಟೊಮೆಟೊ ರೇಟ್ ಬಿದ್ದು, ಕ್ರೇಟುಗಟ್ಟಲೆ ಮಾಲನ್ನು ರಸ್ತೆ ಬದಿ ಸುರಿದು ಹೋಗುವ ಸಮಯದಲ್ಲಿ ಶಾಲೆ ಶುರುವಾದರೆ ಎಪಿಎಂಸಿ ಕಡೆಯಿಂದ ಬರುವ ರೈತ "ಅಣ್ಣ, ಮಕ್ಕಳ ಶೂ ಕೊಡು, ಮುಂದಿನ ಬೆಳೆಗೆ ಕೊಡ್ತೀನಿ" ಅಂತಾನೆ. ಪುಸ್ತಕದಲ್ಲಿ ಬರೆದುಕೊಂಡು ಕೊಡುತ್ತೇವೆ. ಅವನ ಹತ್ತಿರ ಕಾಗದ ಪತ್ರ ಕೇಳಲ್ಲ, ಮುಖ ನೋಡಿ ಕೊಡುತ್ತೇವೆ. ಇಂಥ ಅಂಗಡಿ ಮುಚ್ಚಿದರೆ ಆ ರೈತ ಯಾರ ಹತ್ತಿರ ಹೋಗಬೇಕು?

ಮಾಲೂರು ಸೆಕೆಂಡ್ ಶಿಫ್ಟ್:

ಅಣ್ಣ, ನೀವು ಹೇಳಿದ್ದು ಓದಿ ಒಂದು ಮಾತು ಕೇಳಬೇಕು ಅನ್ನಿಸಿತು, ಬೇಜಾರು ಮಾಡ್ಕೋಬೇಡಿ. ನಿಮ್ಮ ಅಂಗಡಿ ಹುಡುಗರಿಗೆ ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇತ್ತಾ? ಹೆಣ್ಣುಮಕ್ಕಳನ್ನು ಕೆಲಸಕ್ಕೆ ತಗೊಂಡಿದ್ದಿರಾ?

ನಾನು ಗೋದಾಮಿನಲ್ಲಿ ಪ್ಯಾಕಿಂಗ್ ಮಾಡುತ್ತೇನೆ. ಗಿಗ್ ಕೆಲಸ ಬೇರೆ, ನಮ್ಮದು ಬೇರೆ, ಎರಡನ್ನೂ ಸುಮ್ನೆ ಒಂದೇ ಅನ್ನಬೇಡಿ. ನಾವು ಏಜೆನ್ಸಿ ಕೆಳಗಿದ್ದರೂ ಸಂಬಳದ ಚೀಟಿ ಬರುತ್ತದೆ, ಪಿಎಫ್ ಕಟ್ಟುತ್ತಾರೆ, ಸಂಬಳ 21,000ದ ಒಳಗಿರುವವರಿಗೆ ಇಎಸ್‌ಐ ಇದೆ. ಅಮ್ಮನ ಆಪರೇಷನ್ ಆ ಕಾರ್ಡಿನಲ್ಲೇ ಆಯಿತು. ಊರ ಹತ್ತಿರ ಬಸ್ ಬರುತ್ತದೆ, ರಾತ್ರಿ ಅಲ್ಲೇ ಇಳಿಸುತ್ತದೆ, ಅದಕ್ಕೇ ಮನೆಯಲ್ಲಿ ಒಪ್ಪಿದ್ದು. ಮೊದಲು ಗಾರ್ಮೆಂಟ್ಸಿನಲ್ಲಿದ್ದೆ, ಅಲ್ಲಿ ತಲೆ ಮೇಲೆ ನಿಂತು ಬೈಯುತ್ತಿದ್ದರು. ಇಲ್ಲಿ ಬೈಗುಳ ಕಡಿಮೆ, ಆದರೆ ಸ್ಕ್ಯಾನರ್ ಎಲ್ಲ ಲೆಕ್ಕ ಇಡುತ್ತದೆ, ಟಾಯ್ಲೆಟ್‌ಗೆ ಹೋಗಿ ಬರೋದು ಸ್ವಲ್ಪ ಜಾಸ್ತಿ ಹೊತ್ತಾದರೂ ನಮ್ಮ ಕೆಲಸದ ವೇಗದ ಲೆಕ್ಕ ಇಳಿಯುತ್ತದೆ. ಪಾದ ಊದಿಕೊಳ್ಳುತ್ತದೆ.

ದಸರಾ, ದೀಪಾವಳಿ ಸೇಲ್ ಬಂದರೆ ಗುಂಪು ಗುಂಪಾಗಿ ಹೊಸಬರನ್ನು ತಗೊಳ್ಳುತ್ತಾರೆ. ಮುಗಿದ ಮೇಲೆ "ಫೋನ್ ಮಾಡ್ತೀವಿ" ಅಂತಾರೆ. ಆ ಹುಡುಗಿಯರು ಫೋನ್ ಕಾಯುತ್ತಾ ಕೂತಿರುತ್ತಾರೆ. ಇದು ನಿಲ್ಲಬೇಕು.

ಉರಿಗಾಂ:

ಕೆಜಿಎಫ್ ಕಡೆಯಿಂದ ಒಂದು ಮಾತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಊರಿಗೆ ಊರೇ ಬೆಳಗಿನ ಜಾವದ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ಹೋಗಿ ರಾತ್ರಿ ಬಂದು ಮಲಗುವುದಾಯಿತು. ಮಕ್ಕಳು ಎದ್ದಿರುವಾಗ ಅಪ್ಪನ ಮುಖ ನೋಡೋದು ಭಾನುವಾರ ಮಾತ್ರ. ಈಗ ನನ್ನ ಅಕ್ಕನ ಮಗ ರಾಬರ್ಟ್‌ಸನ್‌ಪೇಟೆಯಲ್ಲೇ ಡೆಲಿವರಿ ಮಾಡುತ್ತಾನೆ, ಮಧ್ಯಾಹ್ನ ಮನೆಗೆ ಬಂದು ಉಣ್ಣುತ್ತಾನೆ, ಅವನ ತಾಯಿಗೆ ಮಾತ್ರೆ ಕೊಡುತ್ತಾನೆ. ಊರಲ್ಲೇ ಕೆಲಸ ಅನ್ನೋದು ನಮ್ಮಂಥವರಿಗೆ ಎಷ್ಟು ದೊಡ್ಡದು ಅಂತ ರೈಲಲ್ಲಿ ನಿಂತು ಹೋದವರಿಗೇ ಗೊತ್ತು.

ಆದರೆ ಗಣಿ ಕೆಲಸಕ್ಕೆ ಆಸ್ಪತ್ರೆ ಇತ್ತು, ಲೈನ್ ಮನೆ ಇತ್ತು, ಯೂನಿಯನ್ ಇತ್ತು. ಅವೂ ಸುಮ್ನೆ ಬಂದಿದ್ದಲ್ಲ, ಹಿರಿಯರು ಹೊಡೆದಾಡಿ ತಗೊಂಡಿದ್ದು. ಈ ಹುಡುಗರು ಒಬ್ಬೊಬ್ಬರೇ ಫೋನ್ ನೋಡಿಕೊಂಡು ಓಡಾಡುತ್ತಾರೆ, ಒಟ್ಟಿಗೆ ಕೂರೋಕೆ ಜಾಗವೇ ಇಲ್ಲ.

ಕೋರ್ಟ್ ಮುಂದೆ:

ಲೇಬರ್ ಕೇಸುಗಳನ್ನು ನೋಡುವವಳು ನಾನು. ಪ್ರಶ್ನೆ ಕೇಳಿದ ಸರ್‌ಗೆ ಮೊದಲು ಹೇಳಬೇಕಾದ್ದು: ಸಂಬಳವನ್ನು ಪಕ್ಕಕ್ಕಿಟ್ಟು ಉಪಯೋಗ ಅಳೆಯೋಕೆ ಆಗಲ್ಲ. ಟಮಕದ ತಮ್ಮ ಬಿದ್ದು ಕಾಲು ಮುರಿದುಕೊಂಡರೆ ಖರ್ಚು ಯಾರ ತಲೆ ಮೇಲೆ? ಅವರಪ್ಪ ಅಮ್ಮನ ಮೇಲೆ, ಇಲ್ಲ ಸರ್ಕಾರಿ ಆಸ್ಪತ್ರೆ ಮೇಲೆ. ಅಂದರೆ ಕಂಪನಿ ಕೊಡಬೇಕಾದ್ದನ್ನು ಊರೇ ಕೊಡುತ್ತಿದೆ. ಕೆಲಸ ಉಪಯೋಗದ್ದೇ, ಅದರ ನಿಜವಾದ ಬೆಲೆಯನ್ನು ಯಾರು ಕಟ್ಟುತ್ತಿದ್ದಾರೆ ಅನ್ನೋದು ನೋಡಿ.

ಇದಕ್ಕಾಗಿಯೇ ನಮ್ಮ ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಕಾಯ್ದೆ ಬಂತು. ರಾಜಸ್ಥಾನ 2023ರಲ್ಲೇ ಮಾಡಿತ್ತು. ನಮ್ಮ ರಾಜ್ಯದ ಕಾಯ್ದೆ ಪ್ರಕಾರ ಕೆಲಸಗಾರನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಯಿಂದ ವಸೂಲಿ ಮಾಡಬಹುದು, ಅದು ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಯ ನಿಧಿಗೆ ಹೋಗುತ್ತದೆ. ತಮ್ಮ, ಐಡಿ ಬ್ಲಾಕ್ ಬಗ್ಗೆ ಬರೆದೆಯಲ್ಲ, ಇನ್ನು ಮುಂದೆ ಕೆಲಸದಿಂದ ತೆಗೆಯಬೇಕಾದರೆ ಲಿಖಿತ ಕಾರಣ ಕೊಟ್ಟು 14 ದಿನ ಮೊದಲು ನೋಟಿಸ್ ಕೊಡಬೇಕು. "ಸಿಸ್ಟಮ್ಮಲ್ಲೇ ಆಗಿದೆ" ಅನ್ನೋದು ಉತ್ತರ ಆಗಲ್ಲ. ಈಗಿಂದಲೇ ದಿನದ ಗಳಿಕೆಯ ಸ್ಕ್ರೀನ್‌ಶಾಟ್ ಇಟ್ಟುಕೋ. ರಾಜ್ಯದ ಗಿಗ್ ಕಾರ್ಮಿಕರ ವಿಮೆಯೂ ಇದೆ, ಅಪಘಾತಕ್ಕೆ 2 ಲಕ್ಷ, ಜೀವ ವಿಮೆ 2 ಲಕ್ಷ, ಕಂತು ಸರ್ಕಾರದ್ದೇ. ಅದಕ್ಕೆ ಸರ್ಕಾರದ ಆನ್‌ಲೈನ್ ಪೋರ್ಟಲ್ ಸೇವಾ ಸಿಂಧುವಿನಲ್ಲಿ ನೋಂದಾಯಿಸಬೇಕು. ಮಾಡಿಸಿದವರು ಬಹಳ ಕಡಿಮೆ, ನನ್ನ ಹತ್ತಿರ ಬಂದವರಲ್ಲಿ ಎಷ್ಟೋ ಜನಕ್ಕೆ ಹೆಸರೇ ಗೊತ್ತಿರಲಿಲ್ಲ.

ಸರ್, ನಿಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ಇರುತ್ತದೆ ಅಲ್ವಾ? ಒಂದು ಶನಿವಾರ ತೆಗೆದುಕೊಡಿ, ನಾನು ಬಂದು ಕೂರುತ್ತೇನೆ.

ಬಂಗಾರಪೇಟೆ ರೋಡ್:

ಖಂಡಿತ ಮೇಡಂ. ನಾಳೆಯೇ ಪ್ರಿನ್ಸಿಪಾಲರ ಹತ್ತಿರ ಮಾತಾಡುತ್ತೇನೆ. ಹಳೆ ವಿದ್ಯಾರ್ಥಿಗಳ ಗ್ರೂಪಿಗೂ ಹಾಕುತ್ತೇನೆ.

ಟಮಕ ರೈಡರ್:

ಶನಿವಾರ ಬೇಡ ಸರ್, ಅವತ್ತು ಲೋಡ್ ಜಾಸ್ತಿ. ಭಾನುವಾರ ಬೆಳಿಗ್ಗೆ ಇಡಿ, ನಮ್ಮ ಹಬ್ ಹುಡುಗರನ್ನೆಲ್ಲ ನಾನು ಕರೆದುಕೊಂಡು ಬರುತ್ತೇನೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಬಿಟ್ಟು ಬೇರೆ ಏನಾದರೂ ತರಬೇಕಾ ಮೇಡಂ?